ಮೂರು ತಿಂಗಳ ಸಂಬಳದ ವಾಚು

ಮೊದಲು ಮನಸ್ಸು ಹಿಡಿದದ್ದು ಅದರ ಸೆಕೆಂಡ್ ಮುಳ್ಳು. ನನ್ನ ಹಳೇ ವಾಚಿನಲ್ಲಿ ಆ ಮುಳ್ಳು ಟಕ್ ಟಕ್ ಅಂತ ಸೆಕೆಂಡಿಗೊಂದು ಹೆಜ್ಜೆ ಇಡುತ್ತದೆ. ಇದರಲ್ಲಿ ಎಲ್ಲೂ ನಿಲ್ಲದೆ ಜಾರಿಕೊಂಡು ಹೋಗುತ್ತಿತ್ತು. ಡಯಲ್ ಕಡುನೀಲಿ. ಬೆಳಕು ಬಿದ್ದಾಗ ನೀಲಿ, ಕೈ ಸ್ವಲ್ಪ ಆಚೆ ತಿರುಗಿಸಿದರೆ ಪೂರ್ತಿ ಕಪ್ಪು. ಅಂಗಡಿಯವರು ಕೈಗೆ ಕಟ್ಟಿ ಕೊಟ್ಟರು. ಎರಡು ನಿಮಿಷ ನೋಡುತ್ತಾ ನಿಂತೆ. ಆಮೇಲೆ ಬೆಲೆ ಕೇಳಿದೆ. ನನ್ನ ಮೂರು ತಿಂಗಳ ಸಂಬಳ.

ಬಿಚ್ಚಿ ವಾಪಸ್ ಕೊಟ್ಟು ಮನೆಗೆ ಬಂದೆ. ವಾಚು ಮಾತ್ರ ತಲೆಯಿಂದ ಹೋಗಲಿಲ್ಲ. ಕೆಲಸದ ಮಧ್ಯೆ ಕೈ ನೋಡಿಕೊಂಡರೆ ಅದೇ ನೆನಪಾಗುತ್ತಿತ್ತು. ದುಡ್ಡು ಇರಲಿಲ್ಲ ಅಂತಲ್ಲ. ಬರಬೇಕಿದ್ದ ಹಳೇ ಬಾಕಿ ಒಟ್ಟಿಗೆ ಬಂದಿತ್ತು, ಮನೆ ಖರ್ಚಿಗೆ ಅದನ್ನು ಮುಟ್ಟುವ ಅಗತ್ಯ ಇರಲಿಲ್ಲ. ಸಾಲ ಮಾಡಿ ಅಥವಾ ಕಂತಿನಲ್ಲಿ ವಾಚು ತಗೊಳ್ಳುವುದಿಲ್ಲ ಅಂತ ಮೊದಲ ದಿನವೇ ತೀರ್ಮಾನ ಮಾಡಿದ್ದೆ. ಉಳಿದದ್ದು ಒಂದೇ ಪ್ರಶ್ನೆ. ಅಷ್ಟು ದುಡ್ಡು ಕೊಟ್ಟರೆ ಅದರಲ್ಲಿ ಯಾವುದಕ್ಕೆ ಎಷ್ಟು ಹೋಗುತ್ತದೆ, ಅದರಲ್ಲಿ ನನಗೆ ಬೇಕಾದದ್ದು ಯಾವುದು?

ಆರು ತಿಂಗಳು ಗಡುವು ಹಾಕಿಕೊಂಡೆ. ಅಷ್ಟರೊಳಗೆ ಆಸೆ ತಣ್ಣಗಾದರೆ ಆಗಲಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಅನುಮಾನ ಬಂದ ಹಾಗೆ ಬರೆಯುತ್ತಾ ಹೋದೆ.

ಮೊದಲ ಪುಟದಲ್ಲಿ ಬರೆದದ್ದು ಟೈಮಿನ ಬಗ್ಗೆ. ಇದಕ್ಕೆ ಉತ್ತರ ಬೇಗ ಸಿಕ್ಕಿತು. ನನ್ನ ಹಳೇ ವಾಚು ಕ್ವಾರ್ಟ್ಸ್. ಒಳಗಿರುವ ಪುಟಾಣಿ ಹರಳು ಬ್ಯಾಟರಿಯ ಕರೆಂಟಿಗೆ ಸೆಕೆಂಡಿಗೆ 32,768 ಸಲ ನಡುಗುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಸೆಕೆಂಡಿಗೊಂದು ಹೆಜ್ಜೆ ಬರುವುದು ಅಲ್ಲಿಂದ. ಸಾಮಾನ್ಯ ಕ್ವಾರ್ಟ್ಸ್ ವಾಚು ತಿಂಗಳಿಗೆ ಹದಿನೈದು ಸೆಕೆಂಡ್ ಆಚೀಚೆ ಆದರೆ ಹೆಚ್ಚು. ನಾನು ಆಸೆಪಟ್ಟ ವಾಚು ಆಟೊಮ್ಯಾಟಿಕ್. ಬ್ಯಾಟರಿ ಇಲ್ಲ. ಕೈ ಆಡಿದಾಗ ಒಳಗಿನ ಅರ್ಧಚಂದ್ರದಂಥ ತೂಕ ತಿರುಗಿ ಸ್ಪ್ರಿಂಗು ಸುತ್ತುತ್ತದೆ, ಅದು ಬಿಚ್ಚಿಕೊಳ್ಳುವ ಬಲದಲ್ಲಿ ವಾಚು ಓಡುತ್ತದೆ. ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ ಎಂಟು. ಮುಳ್ಳು ಜಾರಿದ ಹಾಗೆ ಕಾಣುವುದು ಅದಕ್ಕೇ, ನಿಜಕ್ಕೂ ಅದು ಎಂಟು ಸಣ್ಣ ಹೆಜ್ಜೆ. ಸ್ವಿಟ್ಜರ್ಲೆಂಡಿನ ಕೋಸ್ಕ್ ಅನ್ನುವ ಸಂಸ್ಥೆ ಇಂಥ ಯಂತ್ರಗಳನ್ನು ಹದಿನೈದು ದಿನ ಬೇರೆ ಬೇರೆ ಭಂಗಿ, ಬೇರೆ ಬೇರೆ ಬಿಸಿಯಲ್ಲಿ ಇಟ್ಟು ಪರೀಕ್ಷೆ ಮಾಡುತ್ತದೆ. ಅಲ್ಲಿ ಪಾಸಾದ ವಾಚು ಕೂಡ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಅಥವಾ 6 ಸೆಕೆಂಡ್ ಮುಂದೆ ಹೋಗಬಹುದು.

ಅಂದರೆ ಟೈಮಿಗೋಸ್ಕರ ದುಡ್ಡು ಕೊಡುವುದಾದರೆ ಅಗ್ಗದ ವಾಚೇ ಗೆಲ್ಲುತ್ತದೆ. ಇದರಲ್ಲಿ ಎರಡು ಮಾತಿಲ್ಲ. ಜಪಾನಿನ ಸೈಕೋ ಕಂಪನಿ 1969ರ ಡಿಸೆಂಬರ್ 25ರಂದು ಅಸ್ಟ್ರಾನ್ ಅನ್ನುವ ಮೊದಲ ಕ್ವಾರ್ಟ್ಸ್ ಕೈಗಡಿಯಾರ ಮಾರಾಟಕ್ಕೆ ಇಟ್ಟಾಗ ಅದರ ಬೆಲೆ ಒಂದು ಸಣ್ಣ ಕಾರಿನಷ್ಟಿತ್ತು. ಆಗ ಅದೇ ದುಬಾರಿ ವಾಚು! ಮುಂದೆ ಕ್ವಾರ್ಟ್ಸ್ ಅಗ್ಗವಾಯಿತು, ಕೀ ಕೊಡುವ ವಾಚು ಮಾಡುತ್ತಿದ್ದ ಸ್ವಿಸ್ ಕಾರ್ಖಾನೆಗಳು ಒಂದೊಂದೇ ಬಾಗಿಲು ಹಾಕಿದವು. 1970ರ ಹೊತ್ತಿಗೆ ಅಲ್ಲಿ ಸುಮಾರು 90,000 ಜನ ಈ ಕೆಲಸದಲ್ಲಿದ್ದರು, 1980ರ ದಶಕದ ಮಧ್ಯಕ್ಕೆ ಅದು ಸುಮಾರು ಮೂರರಲ್ಲಿ ಒಂದು ಭಾಗಕ್ಕೆ ಇಳಿದಿತ್ತು. ಉಳಿದವರು ಟೈಮ್ ಬಿಟ್ಟು ಬೇರೇನನ್ನೋ ಮಾರಲು ಕಲಿತರು. ಆ ಬೇರೇನು ಅನ್ನುವುದು ಏನು, ಅದನ್ನು ನಾನು ಕಂಡುಕೊಳ್ಳಬೇಕಿತ್ತು.

ಆದರೂ ಒಂದು ಲೆಕ್ಕ ಹಾಕಿದಾಗ ನನಗೆ ಮೈ ಜುಮ್ಮೆಂದಿತು. ದಿನಕ್ಕೆ 86,400 ಸೆಕೆಂಡ್. ಅದರಲ್ಲಿ 6 ಸೆಕೆಂಡ್ ತಪ್ಪು ಅಂದರೆ ನೂರಕ್ಕೆ 0.007 ಭಾಗ. ಬರೀ ಹಲ್ಲುಚಕ್ರ, ಸ್ಪ್ರಿಂಗು, ಒಂದಿಷ್ಟು ಎಣ್ಣೆ ಇಟ್ಟುಕೊಂಡು ಮನುಷ್ಯರು ಇಷ್ಟು ಹತ್ತಿರ ಬಂದಿದ್ದಾರೆ. ಇದಕ್ಕೆ ಬೆಲೆ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ಎರಡನೇ ತಿಂಗಳು ಆ ನೀಲಿ ವಾಚಿನ ಒಳಗೆ ಏನಿದೆ ಅಂತ ಹುಡುಕಿದೆ. ಕಂಪನಿ ತನ್ನದೇ ಹೆಸರು, ನಂಬರು ಹಾಕಿ ಯಂತ್ರದ ಬಗ್ಗೆ ದೊಡ್ಡದಾಗಿ ಬರೆದಿತ್ತು. ಆದರೆ ವಿವರ ನೋಡಿದರೆ ಎಲ್ಲೋ ನೋಡಿದ ಹಾಗಿದೆ: 28,800 ಬಡಿತ, 25 ಹರಳು, ಪೂರ್ತಿ ಸುತ್ತಿದರೆ 38 ಗಂಟೆ ಓಟ. ಅದು ಇಟಿಎ ಅನ್ನುವ ಸ್ವಿಸ್ ಕಂಪನಿಯ 2824-2, ಬಹಳ ಕಂಪನಿಗಳು ಹೊರಗಿಂದ ತರಿಸಿ ಹಾಕಿಕೊಳ್ಳುವ ಯಂತ್ರ. ಗಟ್ಟಿ ಯಂತ್ರ, ರಿಪೇರಿ ಗೊತ್ತಿರುವವರು ಎಲ್ಲ ಕಡೆ ಸಿಗುತ್ತಾರೆ, ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಬೇಜಾರಾದದ್ದು ಬೇರೆ ವಿಷಯಕ್ಕೆ. ಅದೇ ಯಂತ್ರ ಇದರ ನಾಲ್ಕನೇ ಒಂದು ಭಾಗ ಬೆಲೆಯ ವಾಚಿನಲ್ಲೂ ಇತ್ತು. ಹಾಗಿದ್ದರೆ ಉಳಿದ ಮುಕ್ಕಾಲು ದುಡ್ಡು ಎಲ್ಲಿಗೆ? ಕೇಸು, ಡಯಲ್, ಚೈನಿನ ಕೆಲಸಕ್ಕೆ ಒಂದಿಷ್ಟು ಹೋಗುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಮಿಕ್ಕದ್ದು ಹೆಸರಿಗೆ, ಜಾಹೀರಾತಿಗೆ.

ಹರಳಿನ ಸಂಖ್ಯೆಗೂ ನಾನು ಮೊದಲು ಮರುಳಾಗಿದ್ದೆ. ಆ ಕೆಂಪು ಹರಳುಗಳು ಕೃತಕ ಮಾಣಿಕ್ಯ. ಚಕ್ರದ ಅಚ್ಚು ಸವೆಯದೆ ತಿರುಗಲಿ ಅಂತ ಇಡುವುದು. ಒಡವೆಯ ಬೆಲೆ ಅದಕ್ಕಿಲ್ಲ. ಕೀ ಕೊಡುವ ಸಾದಾ ವಾಚಿಗೆ 17 ಹರಳು ಸಾಕು. ಆಟೊಮ್ಯಾಟಿಕ್‌ನಲ್ಲಿ ಚಕ್ರ ಜಾಸ್ತಿ, ಹಾಗಾಗಿ ಹರಳೂ ಜಾಸ್ತಿ. ‘ಸ್ವಿಸ್ ಮೇಡ್’ ಅನ್ನುವುದೂ ಹಾಗೇ. 2017ರಿಂದ ಇರುವ ನಿಯಮದ ಪ್ರಕಾರ ವಾಚಿನ ತಯಾರಿಕೆಯ ಖರ್ಚಿನಲ್ಲಿ ಕನಿಷ್ಠ 60 ಪರ್ಸೆಂಟ್ ಆ ದೇಶದಲ್ಲಿ ಆಗಿರಬೇಕು. ಪೂರ್ತಿ ಅಲ್ಲೇ ಆಗಿದೆ ಅಂತ ಅದರ ಅರ್ಥ ಅಲ್ಲ.

ಇಷ್ಟೆಲ್ಲ ಓದಿ ತಲೆ ತುಂಬಿಕೊಂಡ ಮೇಲೆ ಒಬ್ಬ ವಾಚ್ ರಿಪೇರಿಯವರ ಹತ್ತಿರ ಹೋದೆ. ವಯಸ್ಸಾದವರು. ನನ್ನ ಹಳೇ ವಾಚಿನ ಬ್ಯಾಟರಿ ಬದಲಿಸುತ್ತಿದ್ದವರು ಅವರೇ. ‘ಸರ್, ದುಬಾರಿ ವಾಚಿನಲ್ಲಿ ನಿಜಕ್ಕೂ ಏನು ಬೇರೆ ಇರುತ್ತೆ?’ ಅಂತ ನೇರ ಕೇಳಿದೆ. ಅವರು ಮಾತಾಡಲಿಲ್ಲ. ಡ್ರಾಯರ್ ಎಳೆದು, ಗಾಜಿನ ಬಟ್ಟಲು ಮುಚ್ಚಿಟ್ಟಿದ್ದ ಎರಡು ಯಂತ್ರ ತೆಗೆದು ಪಕ್ಕಪಕ್ಕ ಇಟ್ಟರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸು ನನ್ನ ಕೈಗೆ ಕೊಟ್ಟರು.

ಬರಿಗಣ್ಣಿಗೆ ಎರಡೂ ಹೊಳೆಯುತ್ತಿದ್ದವು. ಲೆನ್ಸಿನಲ್ಲಿ ನೋಡಿದಾಗ ಮೊದಲನೆಯದರ ಅಂಚು ತಗಡು ಕತ್ತರಿಸಿದ ಹಾಗೆ ಒರಟು. ಮೇಲಿನ ಪಟ್ಟೆಗಳು ಅಚ್ಚೊತ್ತಿದ್ದು. ಎರಡನೆಯದರಲ್ಲಿ ಪ್ರತಿ ಲೋಹದ ಪಟ್ಟಿಯ ಅಂಚನ್ನೂ ಓರೆಯಾಗಿ ಉಜ್ಜಿ ಕನ್ನಡಿ ಮಾಡಿದ್ದರು. ಬೆಳಕು ಒಂದು ದಾರದ ಹಾಗೆ ಆ ಅಂಚಿನುದ್ದಕ್ಕೂ ಓಡುತ್ತಿತ್ತು.

‘ನೋಡಮ್ಮ, ಎರಡು ಅಂಚು ಬಂದು ಸೇರೋ ಈ ಒಳಮೂಲೆ ಇದೆಯಲ್ಲ,’ ಅಂತ ಸೂಜಿಯಷ್ಟು ಸಣ್ಣ ಕಡ್ಡಿಯಲ್ಲಿ ತೋರಿಸಿದರು. ‘ಇಲ್ಲಿ ಮಷಿನ್ನಲ್ಲಿ ಕೊರೆದ್ರೆ ಮೂಲೆ ದುಂಡಗಾಗುತ್ತೆ. ಕೊರೆಯೋ ಉಳಿಯೇ ದುಂಡಗೆ ತಿರುಗುತ್ತಲ್ಲ. ಹೀಗೆ ಚೂಪಾಗಿ ಬರಬೇಕು ಅಂದ್ರೆ ಅರ ಹಿಡಿದು ಕೈಯಲ್ಲೇ ಉಜ್ಜಬೇಕು. ಒಂದು ಮೂಲೆಗೆ ಗಂಟೆಗಟ್ಟಲೆ ಕೂತವರಿದ್ದಾರೆ.’

ಒಂದು ಸ್ಕ್ರೂವಿನ ತಲೆ ನೋಡಲು ಹೇಳಿದರು. ಸಾಸಿವೆಗಿಂತ ಚಿಕ್ಕದು. ನೇರ ನೋಡಿದಾಗ ಕನ್ನಡಿ, ಸ್ವಲ್ಪ ಓರೆ ಮಾಡಿದರೆ ಇದ್ದಿಲಿನ ಕಪ್ಪು. ಮೇಲ್ಮೈ ಅಷ್ಟು ಸಪಾಟಾಗಿದ್ದರೆ ಮಾತ್ರ ಬೆಳಕು ಒಂದೇ ಕಡೆ ಹೋಗುತ್ತದಂತೆ. ಆ ಸ್ಕ್ರೂ ಹೇಗಿದ್ದರೂ ವಾಚು ಓಡುತ್ತದೆ, ಕೇಸು ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ. ಆದರೂ ಯಾರೋ ಕೂತು ಉಜ್ಜಿದ್ದಾರೆ. ನಾನು ಎಷ್ಟು ಹೊತ್ತು ನೋಡಿದೆನೋ, ಲೆನ್ಸು ತೆಗೆದಾಗ ಕಣ್ಣಲ್ಲಿ ನೀರು ಬಂದಿತ್ತು. ನನಗೆ ದುಡ್ಡು ಕೊಡಬೇಕು ಅನಿಸಿದ್ದು ಇದಕ್ಕೆ. ನೀಲಿ ವಾಚಿನಲ್ಲಿ ಇದು ಇರಲಿಲ್ಲ.

ಹೊರಡುವ ಮುಂಚೆ ಅವರು ಒಂದು ಮಾತು ಹೇಳಿದರು, ಅದು ಬಹಳ ಉಪಯೋಗಕ್ಕೆ ಬಂತು. ‘ಬೆಲೆ ಕೇಳೋ ಮುಂಚೆ ಸರ್ವಿಸಿಗೆ ಎಷ್ಟು ಅಂತ ಕೇಳಿ.’ ಒಳಗಿನ ಎಣ್ಣೆ ಕಾಲಕ್ರಮೇಣ ಒಣಗುತ್ತದೆ. ಐದರಿಂದ ಏಳು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿ ಜೋಡಿಸಬೇಕು. ನೀರು ಹೋಗದ ಹಾಗೆ ತಡೆಯುವ ರಬ್ಬರ್ ಬಳೆಗಳನ್ನೂ ಆಗ ಬದಲಿಸುತ್ತಾರೆ. ನೀಲಿ ವಾಚಿನ ಕಂಪನಿಯಲ್ಲಿ ಕೇಳಿದೆ. ಒಂದು ಸರ್ವಿಸಿಗೆ ವಾಚಿನ ಬೆಲೆಯ ಎಂಟನೇ ಒಂದು ಭಾಗ. ಐದು ವರ್ಷಕ್ಕೊಮ್ಮೆ ಅಂದರೆ ಇಪ್ಪತ್ತು ವರ್ಷದಲ್ಲಿ ನಾಲ್ಕು ಸಲ, ಬೆಲೆಯ ಅರ್ಧ ಮತ್ತೆ ಕೊಡಬೇಕು. ಮೂರು ತಿಂಗಳ ಸಂಬಳ ನೋಟ್‌ಬುಕ್ಕಿನಲ್ಲಿ ನಾಲ್ಕೂವರೆ ತಿಂಗಳಾಯಿತು.

ನನ್ನ ಮಣಿಕಟ್ಟು ಸಣ್ಣದು, ಸುತ್ತಳತೆ 15 ಸೆಂಟಿಮೀಟರ್. ಅಂಗಡಿಯಲ್ಲಿ ಹೆಂಗಸರ ವಾಚು ಅಂತ ಕೇಳಿದರೆ ಬಹಳ ಸಲ ಕಲ್ಲು ಕೂರಿಸಿದ ಕ್ವಾರ್ಟ್ಸ್ ತೋರಿಸುತ್ತಾರೆ. ನನಗೆ ಯಂತ್ರ ಬೇಕು ಅಂತ ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು, ಅದು ನಿಜಕ್ಕೂ ನೋವು ಕೊಟ್ಟಿತು. ನೀಲಿ ವಾಚಿನ ಅಗಲ 40 ಮಿಲಿಮೀಟರ್. ಅಷ್ಟೇನೂ ದೊಡ್ಡದಲ್ಲ ಅಂದುಕೊಂಡಿದ್ದೆ. ಆದರೆ ನೋಡಬೇಕಾದ ಅಳತೆ ಅದಲ್ಲ. ಬೆಲ್ಟು ಸಿಕ್ಕಿಸುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಗೆ ಎಷ್ಟು ಅನ್ನುವುದು ಮುಖ್ಯ. ಅದು 48 ಇತ್ತು. ದಪ್ಪ 13.

ಆ ವಾಚಿನ ಫೋಟೋವನ್ನು ಅಳತೆಗೆ ಸರಿಯಾಗಿ ಪ್ರಿಂಟ್ ಮಾಡಿ, ರಟ್ಟಿಗೆ ಅಂಟಿಸಿ, ಕತ್ತರಿಸಿ ಕೈ ಮೇಲೆ ಇಟ್ಟು ನೋಡಿದೆ. ಎರಡೂ ಕಡೆ ಕೊಂಬು ಮಣಿಕಟ್ಟಿನಿಂದಾಚೆ ಚಾಚಿತ್ತು. ಅಂಗಡಿಯ ಬೆಳಕಿನಲ್ಲಿ, ಆ ಎರಡು ನಿಮಿಷದಲ್ಲಿ, ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ದುಬಾರಿ ವಾಚು ನೋಡುತ್ತಿರುವ ಯಾರಿಗಾದರೂ ನಾನು ಹೇಳುವ ಮೊದಲ ಮಾತು ಇದೇ: ಒಂದು ರಟ್ಟು ಕತ್ತರಿಸಿ.

ಆ ರಟ್ಟು ಮೇಜಿನ ಮೇಲೆ ಬಿದ್ದಿತ್ತು. ನಮ್ಮವರು ಎತ್ತಿ ನೋಡಿ, ಡಯಲಿನ ಮೇಲಿನ ಹೆಸರಿನ ಮೇಲೆ ಬೆರಳಿಟ್ಟು, ‘ಈ ಹೆಸರು ಇಲ್ಲದಿದ್ರೂ ನಿಂಗೆ ಇದು ಬೇಕಿತ್ತಾ?’ ಅಂತ ಕೇಳಿದರು. ಆಡಿಕೊಳ್ಳಲು ಕೇಳಿದ್ದಲ್ಲ, ನನ್ನ ಒದ್ದಾಟ ಅವರು ದಿನಾ ನೋಡುತ್ತಿದ್ದರು. ನಾನು ಉತ್ತರ ಹೇಳಲಿಲ್ಲ. ಆಮೇಲೆ ಹೆಸರಿನ ಮೇಲೆ ಒಂದು ಚೂರು ಕಾಗದ ಅಂಟಿಸಿ ರಟ್ಟನ್ನು ಕಣ್ಣೆದುರಿಗೆ ಇಟ್ಟುಕೊಂಡೆ. ನಾಲ್ಕು ದಿನಕ್ಕೆ ಆಸೆ ಅರ್ಧ ಇಳಿದಿತ್ತು.

ಹಾಗಂತ ವಾಚೇ ಬೇಡ ಅನಿಸಲಿಲ್ಲ. ಇಂಥ ವಾಚಿನ ಜೊತೆ ದಿನ ಕಳೆಯುವುದು ಹೇಗಿರುತ್ತದೆ ಅಂತ ಗೊತ್ತಾಗಲಿ ಅಂತ ಗೆಳತಿಯ ಆಟೊಮ್ಯಾಟಿಕ್ ವಾಚನ್ನು ಎರಡು ವಾರಕ್ಕೆ ಕೇಳಿ ತಂದೆ. ಓದಿದ್ದಕ್ಕಿಂತ ಜಾಸ್ತಿ ಕಲಿಸಿದ್ದು ಆ ಎರಡು ವಾರ. ಶುಕ್ರವಾರ ರಾತ್ರಿ ಬಿಚ್ಚಿಟ್ಟ ವಾಚು ಸೋಮವಾರ ಬೆಳಿಗ್ಗೆ ನಿಂತಿತ್ತು. ಮುಳ್ಳು ಹನ್ನೊಂದು ಗಂಟೆ ಚಿಲ್ಲರೆಯಲ್ಲಿತ್ತು. ಇದರ ಓಟವೂ 38 ಗಂಟೆ, ಅಂದರೆ ಭಾನುವಾರ ಬೆಳಿಗ್ಗೆ, ಲೆಕ್ಕ ಸರಿಹೋಯಿತು. ತಾರೀಕು ಸರಿ ಮಾಡುವಾಗಲೂ ಹುಷಾರಾಗಿರಬೇಕು. ಸುಮಾರು ರಾತ್ರಿ 9ರಿಂದ ಬೆಳಗಿನ ಜಾವ 3ರ ತನಕ ತಾರೀಕಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ, ಆಗ ಬಲವಂತ ಮಾಡಿದರೆ ಮುರಿಯಬಹುದು. ಹಿಂಬದಿಯಲ್ಲಿ ‘30 ಮೀಟರ್’ ಅಂತ ಬರೆದಿತ್ತು. ಅದು ಪರೀಕ್ಷೆಯ ಒತ್ತಡದ ಲೆಕ್ಕ. ಕೈ ತೊಳೆಯುವಾಗ ನೀರು ಸಿಡಿದರೆ ಪರವಾಗಿಲ್ಲ, ಈಜಬಾರದು.

ಎರಡನೇ ವಾರ ಗಾಬರಿಯಾಯಿತು. ವಾಚು ಒಂದೇ ದಿನದಲ್ಲಿ ನಾಲ್ಕು ನಿಮಿಷ ಮುಂದೆ ಓಡಿತ್ತು. ಬೇರೆಯವರ ವಾಚು, ನನ್ನ ಕೈಯಲ್ಲಿ ಹಾಳಾಯಿತು ಅಂತ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ರಿಪೇರಿಯವರ ಹತ್ತಿರ ಓಡಿದೆ. ಅವರು ಒಂದು ಸಣ್ಣ ದಿಕ್ಸೂಚಿ ತೆಗೆದು ವಾಚಿನ ಪಕ್ಕ ಇಟ್ಟರು. ಅದರ ಮುಳ್ಳು ಗಡಗಡ ಅಂತ ವಾಚಿನ ಕಡೆ ತಿರುಗಿತು. ‘ಎಲ್ಲಿಡ್ತಿದ್ರಿ ಇದನ್ನ?’ ಅಂದರು. ರಾತ್ರಿ ಟ್ಯಾಬ್ಲೆಟ್ಟಿನ ಕವರ್ ಮೇಲೆ ಇಡುತ್ತಿದ್ದೆ. ಆ ಕವರಿನಲ್ಲಿ ಅಯಸ್ಕಾಂತ ಇತ್ತು. ಬಡಿತದ ವೇಗ ಕಾಯುವ ಇನ್ನೊಂದು ಸ್ಪ್ರಿಂಗು ಒಳಗಿರುತ್ತದೆ, ಕೂದಲೆಳೆಯಷ್ಟು ತೆಳ್ಳಗಿನ ಸುರುಳಿ. ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗು ಗಿಡ್ಡವಾದ ಹಾಗೆ, ವಾಚು ಓಡುತ್ತದೆ. ಒಂದು ಡಬ್ಬಿಯಂಥ ಸಾಧನದ ಮೇಲೆ ವಾಚಿಟ್ಟು, ಗುಂಡಿ ಒತ್ತಿ, ಮೆಲ್ಲಗೆ ಮೇಲಕ್ಕೆ ಎತ್ತಿದರು. ಹತ್ತು ಸೆಕೆಂಡಿನ ಕೆಲಸ. ಬಡಿತ ಕೇಳಿಸಿಕೊಂಡು ಅಳೆಯುವ ಮಷಿನ್ನಿಗೆ ಹಾಕಿದಾಗ ದಿನಕ್ಕೆ 6 ಸೆಕೆಂಡ್ ಮುಂದೆ ಅಂತ ತೋರಿಸಿತು. ಉಸಿರು ಬಂತು. ಈಗಿನ ಕೆಲವು ದುಬಾರಿ ವಾಚುಗಳಲ್ಲಿ ಈ ಸ್ಪ್ರಿಂಗನ್ನು ಸಿಲಿಕಾನಿನಲ್ಲಿ ಮಾಡುತ್ತಾರೆ, ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಜಾಸ್ತಿ ದುಡ್ಡಿಗೆ ನಿಜವಾದ ಉಪಯೋಗ ಸಿಗುವ ಜಾಗಗಳಲ್ಲಿ ಇದೂ ಒಂದು.

ಆ ಎರಡು ವಾರದಲ್ಲಿ ಇನ್ನೊಂದು ಸಂಗತಿ ಆಯಿತು. ನಿಂತ ವಾಚಿಗೆ ಸೋಮವಾರ ಬೆಳಿಗ್ಗೆ ಕೈಯಲ್ಲೇ ಕೀ ಕೊಟ್ಟೆ, ಆಗ ಬೆರಳ ತುದಿಗೆ ಕಿರ್‌ಕಿರ್ ಅಂತ ಸಣ್ಣ ಹಲ್ಲುಗಳು ತಾಗುತ್ತಾ ಹೋದವು. ನಾಲ್ಕೈದು ಸುತ್ತಿಗೆ ಮುಳ್ಳು ಅಲುಗಿತು. ಆಟೊಮ್ಯಾಟಿಕ್ ಆದ್ದರಿಂದ ಮತ್ತೆ ಕೀ ಕೊಡುವ ಅಗತ್ಯ ಇರಲಿಲ್ಲ. ಆದರೂ ಮರುದಿನ, ಅದರ ಮರುದಿನ, ಸುಮ್ನೆ ನಾಲ್ಕು ಸುತ್ತು ಕೊಟ್ಟೆ. ನನಗೆ ಬೇಕಾದದ್ದು ಇದು ಅಂತ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದೆ. ಹಾಗಿದ್ದರೆ ಆಟೊಮ್ಯಾಟಿಕ್ ಯಾಕೆ? ತಿರುಗುವ ಅರ್ಧಚಂದ್ರದ ತೂಕ ಇಲ್ಲದಿದ್ದರೆ ವಾಚು ತೆಳ್ಳಗಾಗುತ್ತದೆ, ಚಕ್ರ ಕಮ್ಮಿ, ಸರ್ವಿಸಿನ ಕೆಲಸವೂ ಕಮ್ಮಿ.

‘ಇದು ಇನ್ವೆಸ್ಟ್‌ಮೆಂಟ್, ಮುಂದೆ ಬೆಲೆ ಏರುತ್ತೆ’ ಅಂತ ಹೇಳಿದವರು ಸುಮಾರು ಜನ. ನಾನು ಅದನ್ನು ನಂಬಲಿಲ್ಲ. ಬೆಲೆ ಏರುವುದು ನಾಲ್ಕೈದು ಕಂಪನಿಗಳ ಕೆಲವೇ ಮಾಡೆಲ್‌ಗಳಿಗೆ. ಅವುಗಳ ಸೆಕೆಂಡ್ ಹ್ಯಾಂಡ್ ಬೆಲೆಯೂ 2022ರ ಮೊದಲ ತಿಂಗಳುಗಳ ತನಕ ಗಗನಕ್ಕೇರಿ, ಆಮೇಲೆ ಇಳಿಯಿತು. ಉಳಿದ ವಾಚುಗಳ ಬೆಲೆ ಅಂಗಡಿ ಬಾಗಿಲು ದಾಟಿದ ಕೂಡಲೇ ಬೀಳುತ್ತದೆ. ಕೊಟ್ಟ ದುಡ್ಡು ಹೋಯಿತು ಅಂತಲೇ ಲೆಕ್ಕ ಇಟ್ಟುಕೊಂಡೆ. ಆದರೆ ಹಾಗೆ ಬೆಲೆ ಬೀಳುವುದು ಕೊಳ್ಳುವವಳಿಗೆ ಒಳ್ಳೆಯದೇ ಅಲ್ವಾ? ಒಬ್ಬರು ಕಟ್ಟಿ ಬಿಟ್ಟ ವಾಚು ನನಗೆ ಆಗುತ್ತದೆ.

ಐದನೇ ತಿಂಗಳ ಕೊನೆಗೆ ಒಂದು ಸಿಕ್ಕಿತು. ಬಿಳಿ ಡಯಲ್, 36 ಮಿಲಿಮೀಟರ್, ಕೊಂಬಿನಿಂದ ಕೊಂಬಿಗೆ 43, ದಪ್ಪ 8. ಕೀ ಕೊಡುವ ವಾಚು, 17 ಹರಳು, ಗಂಟೆಗೆ 21,600 ಬಡಿತ. ಸೆಕೆಂಡ್ ಮುಳ್ಳು ಆರರ ಮೇಲಿನ ಪುಟ್ಟ ವೃತ್ತದಲ್ಲಿ. ಕಂಪನಿ ಅದನ್ನು ಮಾಡುವುದು ನಿಲ್ಲಿಸಿತ್ತು. ಬೆಲೆ ಒಂದೂಮುಕ್ಕಾಲು ತಿಂಗಳ ಸಂಬಳ. ರಟ್ಟು ಕತ್ತರಿಸಿದೆ. ಸರಿಯಾಗಿ ಕೂತಿತು. ಹೆಸರು ಮುಚ್ಚಿ ಎರಡು ವಾರ ಇಟ್ಟೆ. ಆಸೆ ಇಳಿಯಲಿಲ್ಲ.

ಮಾರುವವರನ್ನು ಒಪ್ಪಿಸಿ ರಿಪೇರಿಯವರ ಹತ್ತಿರ ಒಯ್ದು ಹಿಂಬದಿ ತೆಗೆಸಿದೆ. ಸೆಕೆಂಡ್ ಹ್ಯಾಂಡ್ ವಾಚಿಗೆ ಇದನ್ನು ಮಾಡದೆ ದುಡ್ಡು ಕೊಡಲೇಬಾರದು. ವಾಚಿನ ನಂಬರೂ ಗ್ಯಾರಂಟಿ ಕಾರ್ಡಿನ ನಂಬರೂ ಒಂದೇ ಇದೆಯಾ, ಒಳಗೆ ನೀರಿನ ಕಲೆ ಇದೆಯಾ, ಮುಳ್ಳು, ಡಯಲ್ ಆಮೇಲೆ ಹಾಕಿದ್ದಾ ಅಂತ ಒಂದೊಂದೇ ನೋಡಿದರು. ಮಷಿನ್ನಿಗೆ ಹಾಕಿದರು. ದಿನಕ್ಕೆ 9 ಸೆಕೆಂಡ್ ಮುಂದೆ. ‘ಎಣ್ಣೆ ಒಣಗಿದೆ, ಸರ್ವಿಸ್ ಬೇಕು. ಯಂತ್ರ ಚೆನ್ನಾಗಿದೆ,’ ಅಂದರು. ಸರ್ವಿಸಿನ ದುಡ್ಡನ್ನು ಬೆಲೆಯಲ್ಲಿ ಕಮ್ಮಿ ಮಾಡಿಸಿಕೊಂಡೆ.

ಲೆನ್ಸು ಕೇಳಿ ತಗೊಂಡೆ. ಅಂಚುಗಳನ್ನು ಓರೆ ಮಾಡಿ ಹೊಳಪು ಕೊಟ್ಟಿದ್ದರು. ಚೂಪಾದ ಒಳಮೂಲೆ ಎಲ್ಲೂ ಇರಲಿಲ್ಲ. ಆ ಕೆಲಸ ಇರುವ ವಾಚು ನನ್ನ ದುಡ್ಡಿಗೆ ಬರುವುದಿಲ್ಲ ಅಂತ ಅಷ್ಟು ಹೊತ್ತಿಗೆ ಗೊತ್ತಿತ್ತು. ಆದರೆ ಒಂದು ಸ್ಕ್ರೂವಿನ ತಲೆ ಓರೆ ಮಾಡಿದಾಗ ಕಪ್ಪಾಯಿತು. ‘ಇದು ಆಗಬಹುದು ಸರ್,’ ಅಂದೆ.

ಈಗ ಎಂಟು ತಿಂಗಳಾಯಿತು. ದಿನಾ ಬೆಳಿಗ್ಗೆ ಕೈಗೆ ಕಟ್ಟುವ ಮುಂಚೆ ಕೀ ಕೊಡುತ್ತೇನೆ. ಇಪ್ಪತ್ತು ಸುತ್ತು ದಾಟಿದ ಮೇಲೆ ಸ್ಪ್ರಿಂಗು ಬಿಗಿಯಾಗಿ ಬೆರಳಿಗೆ ಸಾಕು ಅನ್ನುತ್ತದೆ, ಅಲ್ಲಿಗೆ ನಿಲ್ಲಿಸುತ್ತೇನೆ. ಸರ್ವಿಸ್ ಆದ ಮೇಲೆ ದಿನಕ್ಕೆ 4 ಸೆಕೆಂಡ್ ಮುಂದೆ ಹೋಗುತ್ತಿದೆ. ರಾತ್ರಿ ಮರದ ಡಬ್ಬಿಯಲ್ಲಿ ಇಡುತ್ತೇನೆ, ಟ್ಯಾಬ್ಲೆಟ್ಟಿನಿಂದ ದೂರ. ಮುಂದಿನ ಸರ್ವಿಸಿಗೆ ಅಂತ ತಿಂಗಳು ತಿಂಗಳು ಒಂದಿಷ್ಟು ಎತ್ತಿಡುತ್ತಿದ್ದೇನೆ. ಅದರ ಲೆಕ್ಕವೂ ಅದೇ ನೋಟ್‌ಬುಕ್ಕಿನಲ್ಲಿ, ನೀಲಿ ವಾಚಿನ ರಟ್ಟು ಸಿಕ್ಕಿಸಿಟ್ಟ ಪುಟದ ಮುಂದಿನ ಪುಟದಲ್ಲಿದೆ.